ಚಕ್ರದ ಎಪಿಸಿಗಳು: ಸೈನಿಕರನ್ನು ಹೊತ್ತೊಯ್ಯುವ ಉಕ್ಕಿನ ಗಾಡಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಕ್ರೇನ್ ಯುದ್ಧದ ವಿಡಿಯೊಗಳು ಫೋನಿಗೆ ಬರಲು ಶುರುವಾದ ಮೇಲೆ ಈ ವಾಹನಗಳ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಎಂಟು ಚಕ್ರದ, ಉಕ್ಕಿನ ಪೆಟ್ಟಿಗೆಯಂಥ ಗಾಡಿ ಕಂಡರೆ ಟಿವಿಯವರೂ ‘ಟ್ಯಾಂಕ್’ ಎಂದುಬಿಡುತ್ತಾರೆ. ಅದು ಟ್ಯಾಂಕ್ ಅಲ್ಲ. ಅದರ ಕೆಲಸವೇ ಬೇರೆ, ಅದು ಬೆಳೆದ ದಾರಿಯೂ ಬೇರೆ. ಹೆಚ್ಚು ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಎಪಿಸಿ ಅಂದರೆ ಏನು? ಟ್ಯಾಂಕಿಗೂ ಇದಕ್ಕೂ ಏನು ವ್ಯತ್ಯಾಸ?

ಎಪಿಸಿ ಅಂದರೆ ಆರ್ಮರ್ಡ್ ಪರ್ಸೊನೆಲ್ ಕ್ಯಾರಿಯರ್. ಕಾಲಾಳು ಸೈನಿಕರನ್ನು ಗುಂಡು ಮತ್ತು ಸಿಡಿಚೂರುಗಳಿಂದ ಕಾಪಾಡಿ, ಯುದ್ಧ ನಡೆಯುವ ಜಾಗದ ಹತ್ತಿರಕ್ಕೆ ತಲುಪಿಸುವ ವಾಹನ. ಟ್ಯಾಂಕ್ ಇರುವುದು ದೊಡ್ಡ ಫಿರಂಗಿಯನ್ನು ಹೊರಲು. ಎಪಿಸಿ ಇರುವುದು ಮನುಷ್ಯರನ್ನು ಹೊರಲು. ಸಾಮಾನ್ಯವಾಗಿ ಮೇಲೆ ಒಂದು ಮೆಷಿನ್ ಗನ್ ಇರುತ್ತದೆ, ಅದೂ ಮುಖ್ಯವಾಗಿ ಆತ್ಮರಕ್ಷಣೆಗೆ.

ನಡುವೆ ಇನ್ನೊಂದು ಜಾತಿ ಇದೆ. ಸೈನಿಕರನ್ನೂ ಹೊತ್ತು, ದೊಡ್ಡ ಗನ್ನಿನಿಂದ ಹೋರಾಟವನ್ನೂ ಮಾಡುವ ವಾಹನ. ನಮ್ಮ ಸೇನೆಯ ಬಿಎಂಪಿ ಈ ಗುಂಪಿಗೆ ಸೇರುತ್ತದೆ. ಗೆರೆ ಎಲ್ಲಿ ಎಳೆಯುವುದು ಎಂಬ ಚರ್ಚೆ ಮುಗಿಯುವಂಥದ್ದಲ್ಲ. 1990ರ ಯುರೋಪಿನ ಶಸ್ತ್ರಾಸ್ತ್ರ ಮಿತಿ ಒಪ್ಪಂದ ಒಂದು ಸರಳ ಅಳತೆ ಕೊಟ್ಟಿತು: 20 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಗನ್ ಇದ್ದರೆ ಹೋರಾಟದ ವಾಹನ, ಅದಕ್ಕಿಂತ ಚಿಕ್ಕದಿದ್ದರೆ ಎಪಿಸಿ.

ಈ ಗೆರೆ ಸುಮ್ನೆ ಕಾಗದದ ಮೇಲಿನದಲ್ಲ. ಎಪಿಸಿಯನ್ನು ಟ್ಯಾಂಕಿನಂತೆ ಮುಂದೆ ನುಗ್ಗಿಸಿದಾಗಲೆಲ್ಲ ಒಳಗೆ ಕೂತವರು ಸತ್ತಿದ್ದಾರೆ. ಕೆಳಗಿನ ಎಷ್ಟೋ ಉತ್ತರಗಳಲ್ಲಿ ಇದೇ ಮಾತು ಮತ್ತೆ ಬರುತ್ತದೆ.

ಇಂಥ ವಾಹನ ಬೇಕು ಅಂತ ಯಾವಾಗ ಅನ್ನಿಸಿತು?

ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ಬಂತು. ಆದರೆ ಅದರ ಹಿಂದೆ ನಡೆದು ಬರುವ ಸೈನಿಕ ಮೆಷಿನ್ ಗನ್ನಿಗೆ ಬಲಿಯಾಗುತ್ತಿದ್ದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಜರ್ಮನಿ ಮುಂದೆ ಚಕ್ರ, ಹಿಂದೆ ಟ್ರ್ಯಾಕ್ (ಟ್ಯಾಂಕಿಗಿರುವಂಥ ಉಕ್ಕಿನ ಸರಪಳಿ ಪಟ್ಟಿ) ಇರುವ ‘ಹಾಫ್ ಟ್ರ್ಯಾಕ್’ ಬಳಸಿದವು. ಅವಕ್ಕೆ ಛಾವಣಿ ಇರಲಿಲ್ಲ. 1944ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಕಾನ್ ನಗರದ ದಕ್ಷಿಣಕ್ಕೆ ಕೆನಡಾದ ಜನರಲ್ ಗೈ ಸೈಮಂಡ್ಸ್ ಒಂದು ಉಪಾಯ ಮಾಡಿದರು. ಟ್ರ್ಯಾಕ್ ಮೇಲೆ ಓಡುವ ಫಿರಂಗಿ ವಾಹನಗಳ ಫಿರಂಗಿ ತೆಗೆಸಿ, ಆ ಜಾಗದಲ್ಲಿ ಸೈನಿಕರನ್ನು ಕೂರಿಸಿದರು. ಅವಕ್ಕೆ ‘ಕಾಂಗರೂ’ ಎಂಬ ಹೆಸರು ಬಂತು. ಯುದ್ಧ ಮುಗಿದ ಮೇಲೆ ಎಲ್ಲ ದೊಡ್ಡ ಸೇನೆಗಳೂ ಇಂಥದ್ದೊಂದು ವಾಹನ ಬೇಕೇ ಬೇಕು ಎಂದು ಹೊರಟವು.

ಟ್ರ್ಯಾಕ್ ಇರುವಾಗ ಚಕ್ರ ಯಾಕೆ?

ರಸ್ತೆಗಾಗಿ. ಟ್ರ್ಯಾಕ್ ಕೆಸರಿನಲ್ಲಿ, ಹಿಮದಲ್ಲಿ, ಉತ್ತ ಹೊಲದಲ್ಲಿ ಚೆನ್ನಾಗಿ ಹೋಗುತ್ತದೆ. ಭಾರ ಹರಡಿಕೊಳ್ಳುವುದರಿಂದ ಹೂತುಕೊಳ್ಳುವುದು ಕಡಿಮೆ. ಆದರೆ ಟಾರ್ ರಸ್ತೆಯಲ್ಲಿ ಬೇಗ ಸವೆಯುತ್ತದೆ, ಡೀಸೆಲ್ ಕುಡಿಯುತ್ತದೆ, ರಸ್ತೆಯನ್ನೂ ಹಾಳು ಮಾಡುತ್ತದೆ. ದೂರದ ಊರಿಗೆ ಒಯ್ಯಬೇಕಾದರೆ ರೈಲು ಅಥವಾ ದೊಡ್ಡ ಟ್ರೈಲರ್ ಬೇಕು. ಚಕ್ರದ ವಾಹನ ತಾನೇ ಓಡಿಕೊಂಡು ಹೋಗುತ್ತದೆ. ಗಂಟೆಗೆ 80ರಿಂದ 100 ಕಿ.ಮೀ. ವೇಗ ಸಾಮಾನ್ಯ. ಸದ್ದೂ ಕಡಿಮೆ.

ಇದಕ್ಕೆ 1999ರ ಜೂನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೊಸೊವೊ ಯುದ್ಧ ನಿಂತಿತ್ತು. ನೇಟೊ ಪಡೆಗಳು ಪ್ರಿಸ್ಟಿನಾ ವಿಮಾನ ನಿಲ್ದಾಣ ಹಿಡಿಯಲು ಸಿದ್ಧವಾಗುತ್ತಿದ್ದವು. ಅಷ್ಟರಲ್ಲಿ ಬೋಸ್ನಿಯಾದಲ್ಲಿ ಶಾಂತಿಪಾಲನೆಗೆ ಇದ್ದ ಸುಮಾರು 200 ರಷ್ಯನ್ ಪ್ಯಾರಾ ಸೈನಿಕರು ಬಿಟಿಆರ್-80 ಎಂಬ ಎಂಟು ಚಕ್ರದ ಎಪಿಸಿ ಮತ್ತು ಟ್ರಕ್ ಹತ್ತಿ ಹೊರಟರು. ವಾಹನದ ಮೇಲಿದ್ದ ‘ಎಸ್‌ಫೋರ್’ (ಬೋಸ್ನಿಯಾದ ಶಾಂತಿಪಡೆ) ಎಂಬ ಗುರುತನ್ನು ‘ಕೆಫೋರ್’ (ಕೊಸೊವೊದ ಪಡೆ) ಎಂದು ತಿದ್ದಿಕೊಂಡಿದ್ದರು. ಸರ್ಬಿಯಾದ ರಸ್ತೆಗಳಲ್ಲಿ ಓಡಿ, ನೇಟೊಗಿಂತ ಮೊದಲೇ ನಿಲ್ದಾಣದಲ್ಲಿ ಕೂತುಬಿಟ್ಟರು. ರೈಲಿಲ್ಲ, ವಿಮಾನವಿಲ್ಲ, ಟ್ರೈಲರ್ ಇಲ್ಲ. ಟ್ರ್ಯಾಕಿನ ವಾಹನಗಳಿಂದ ಆ ವೇಗದಲ್ಲಿ ಇದು ಆಗುತ್ತಿರಲಿಲ್ಲ.

ಬಿಟಿಆರ್ ಹೆಸರು ಎಲ್ಲ ಕಡೆ ಕೇಳುತ್ತದಲ್ಲ, ಅದರ ಕಥೆ ಏನು?

ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಚಕ್ರದ ಎಪಿಸಿ ಹೇಗೆ ಬೆಳೆಯಿತು ಎಂಬುದು ಈ ಒಂದೇ ಮನೆತನದಲ್ಲಿ ಕಾಣುತ್ತದೆ.

ಸೋವಿಯತ್ ಒಕ್ಕೂಟ 1950ರ ಹೊತ್ತಿಗೆ ಬಿಟಿಆರ್-152 ಹೊರತಂದಿತು. ಆರು ಚಕ್ರದ ಟ್ರಕ್ಕಿಗೆ ಉಕ್ಕಿನ ತಗಡು ಹೊದಿಸಿದ ಗಾಡಿ ಅದು. 17 ಸೈನಿಕರು ಕೂರಬಹುದಿತ್ತು. ಛಾವಣಿ ಮಾತ್ರ ಇರಲಿಲ್ಲ. ಬಯಲಿನಲ್ಲಿ ಅದು ಅಷ್ಟು ದೊಡ್ಡ ಕೊರತೆ ಅನ್ನಿಸಿರಲಿಲ್ಲ. 1956ರಲ್ಲಿ ಹಂಗೆರಿಯ ದಂಗೆ ಹತ್ತಿಕ್ಕಲು ಬುಡಾಪೆಸ್ಟ್ ಬೀದಿಗಳಿಗೆ ನುಗ್ಗಿದಾಗ ಗೊತ್ತಾಯಿತು. ಮಹಡಿ ಮೇಲಿನ ಜನ ಪೆಟ್ರೋಲ್ ಬಾಟಲಿ ಹೊತ್ತಿಸಿ ನೇರ ಒಳಗೇ ಎಸೆದರು. ಆಮೇಲೆ ಛಾವಣಿ ಬಂತು.

1960ರ ಸುಮಾರಿಗೆ ಬಂದ ಬಿಟಿಆರ್-60 ಪೂರ್ತಿ ಹೊಸ ವಿನ್ಯಾಸ. ಎಂಟು ಚಕ್ರ, ಎಂಟಕ್ಕೂ ಎಂಜಿನ್ ಶಕ್ತಿ. ನೀರಿನಲ್ಲಿ ಈಜುತ್ತಿತ್ತು. ಹಿಂಭಾಗದಲ್ಲಿ 90 ಅಶ್ವಶಕ್ತಿಯ ಎರಡು ಪೆಟ್ರೋಲ್ ಎಂಜಿನ್. ಒಂದು ಎಂಜಿನ್ ಒಂದು ಮತ್ತು ಮೂರನೇ ಆಕ್ಸಲ್ ತಿರುಗಿಸಿದರೆ, ಇನ್ನೊಂದು ಎರಡು ಮತ್ತು ನಾಲ್ಕನೆಯದನ್ನು. ಒಂದು ಕೆಟ್ಟರೂ ಗಾಡಿ ನಿಲ್ಲುತ್ತಿರಲಿಲ್ಲ. ಜಾಣತನದ ಕೆಲಸವೇ. ಆದರೆ ಎಂಜಿನ್ ಹಿಂದೆ ಇಟ್ಟ ಮೇಲೆ ಹಿಂಬಾಗಿಲು ಇಡಲು ಜಾಗವೆಲ್ಲಿ? ಸೈನಿಕರು ಮೇಲಿನ ಮತ್ತು ಪಕ್ಕದ ಕಿಂಡಿಗಳಿಂದ ಹತ್ತಿ ಜಿಗಿಯಬೇಕಿತ್ತು, ಗುಂಡು ಹಾರುತ್ತಿರುವಾಗಲೇ. ಈ ಒಂದು ತಪ್ಪಿಗೆ ಎಷ್ಟು ಜೀವ ಹೋಗಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

1972ರ ಬಿಟಿಆರ್-70ರಲ್ಲಿ ಚಕ್ರಗಳ ನಡುವೆ ಒಂದು ಪುಟ್ಟ ಬಾಗಿಲು ಬಂತು. ತೂರಿ ಹೊರಬರುವುದೇ ಕಷ್ಟ. ಅಫ್ಗಾನಿಸ್ತಾನ ಯುದ್ಧ ಉಳಿದ ದೋಷಗಳನ್ನೆಲ್ಲ ತೋರಿಸಿತು. ಬೆಟ್ಟದ ಏರಿನಲ್ಲಿ ಎಂಜಿನ್ ಕಾಯುತ್ತಿತ್ತು. ಪೆಟ್ರೋಲಿಗೆ ಬೇಗ ಬೆಂಕಿ ಹತ್ತುತ್ತಿತ್ತು. ಕಣಿವೆಯ ಮೇಲಿಂದ ಗುಂಡು ಬಂದರೆ ಮೇಲಿನ 14.5 ಮಿ.ಮೀ. ಮೆಷಿನ್ ಗನ್ ಅಷ್ಟು ಎತ್ತರಕ್ಕೆ ಏಳುತ್ತಲೇ ಇರಲಿಲ್ಲ. ನೆಲಬಾಂಬಿಗೆ ಹೆದರಿ ಸೈನಿಕರು ಒಳಗೆ ಕೂರುವ ಬದಲು ಗಾಡಿಯ ಮೇಲೆ ಕೂತು ಹೋಗತೊಡಗಿದರು. ಮುಂದೆ ಚೆಚೆನ್ಯಾದಲ್ಲೂ ಹಾಗೇ. ರಕ್ಷಣೆಗೆಂದು ಮಾಡಿದ ವಾಹನದ ಹೊರಗೇ ಹೆಚ್ಚು ಕ್ಷೇಮ ಎಂದು ಸೈನಿಕನಿಗೆ ಅನ್ನಿಸಿದರೆ ಅದು ವಿನ್ಯಾಸದ ಸೋಲು.

1980ರ ದಶಕದಲ್ಲಿ ಬಂದ ಬಿಟಿಆರ್-80 ಇವುಗಳಲ್ಲಿ ಹಲವನ್ನು ಸರಿಪಡಿಸಿತು. 260 ಅಶ್ವಶಕ್ತಿಯ ಒಂದೇ ಡೀಸೆಲ್ ಎಂಜಿನ್. 60 ಡಿಗ್ರಿವರೆಗೆ ಏಳುವ ಗನ್. ಎರಡನೇ ಮತ್ತು ಮೂರನೇ ಚಕ್ರದ ನಡುವೆ ಎರಡು ಭಾಗದ ಬಾಗಿಲು. ಮೇಲ್ಭಾಗ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಕೆಳಭಾಗ ಮಡಚಿ ಮೆಟ್ಟಿಲಾಗುತ್ತದೆ. ಆದರೆ ಎಂಜಿನ್ ಇನ್ನೂ ಹಿಂದೆಯೇ ಇದೆ. 30 ಮಿ.ಮೀ. ಗನ್ ಹೊತ್ತ ಈಗಿನ ಬಿಟಿಆರ್-82ಎ ಕೂಡ ಇದೇ ಮೈಕಟ್ಟಿನದು.

ಭಾರತೀಯ ಸೇನೆ ಇಂಥ ಚಕ್ರದ ವಾಹನ ಬಳಸಿತ್ತಾ?

ಬಳಸಿತ್ತು. ಬಿಟಿಆರ್-60 ನಮ್ಮಲ್ಲೂ ಇತ್ತು. ಅದರ ಜೊತೆ ಚೆಕೊಸ್ಲೊವಾಕಿಯಾ ಮತ್ತು ಪೋಲೆಂಡ್ ಸೇರಿ ಮಾಡಿದ ‘ಸ್ಕಾಟ್’ ಇತ್ತು. 1979ರ ಏಪ್ರಿಲ್‌ನಲ್ಲಿ ಮೆಕನೈಸ್ಡ್ ಇನ್‌ಫೆಂಟ್ರಿ ರೆಜಿಮೆಂಟ್ ಹುಟ್ಟುವ ಮೊದಲೇ ಕೆಲವು ಕಾಲಾಳು ಬೆಟಾಲಿಯನ್‌ಗಳು ಸ್ಕಾಟ್ ಮತ್ತು ಟ್ರ್ಯಾಕಿನ ಟೊಪಾಸ್ ವಾಹನಗಳಲ್ಲಿ ಈ ಬಗೆಯ ಯುದ್ಧ ಕಲಿತವು. ಆಮೇಲೆ ಬಿಎಂಪಿ ಬಂದು ಇವೆಲ್ಲ ಹಿಂದೆ ಸರಿದವು.

ಸ್ಕಾಟ್ ಬಗ್ಗೆ ನನಗೆ ವಿಶೇಷ ಗೌರವ. ಸೋವಿಯತ್ ಒಕ್ಕೂಟದ ಕೂಟದಲ್ಲಿದ್ದುಕೊಂಡೇ ಈ ಎರಡು ದೇಶಗಳು ಬಿಟಿಆರ್-60 ಒಪ್ಪಿಕೊಳ್ಳದೆ ತಮ್ಮದೇ ಗಾಡಿ ಮಾಡಿದವು. ಪೆಟ್ರೋಲ್ ಬದಲು ಟಾಟ್ರಾ ಕಂಪನಿಯ, ಗಾಳಿಯಿಂದ ತಂಪಾಗುವ ಡೀಸೆಲ್ ಎಂಜಿನ್ ಹಾಕಿದವು. ಸೈನಿಕರಿಗೆ ಹಿಂದೆ ದೊಡ್ಡ ಬಾಗಿಲು ಕೊಟ್ಟವು. ಸೋವಿಯತ್ ಎಂಜಿನಿಯರ್‌ಗಳು ಡೀಸೆಲ್ಲಿಗೆ ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಅಂದಹಾಗೆ, ಟಾಟ್ರಾ ಹೆಸರು ಕರ್ನಾಟಕದವರಿಗೆ ಹೊಸದಲ್ಲ. ಬೆಂಗಳೂರಿನ ಬಿಇಎಂಎಲ್ 1986ರ ಒಪ್ಪಂದದ ಮೇಲೆ ಸೇನೆಗೆ ಇದೇ ಟಾಟ್ರಾ ಟ್ರಕ್‌ಗಳನ್ನು ಮಾಡಿಕೊಡತೊಡಗಿತು.

ನೆಲಬಾಂಬಿನಿಂದ ಕಾಪಾಡುವ ವಾಹನ ಅಂತಾರಲ್ಲ, ಅದು ಹೇಗೆ ಕೆಲಸ ಮಾಡುತ್ತದೆ?

ಉತ್ತರ ವಾಹನದ ತಳದಲ್ಲಿದೆ. ನೆಲಬಾಂಬ್ ಸಿಡಿದಾಗ ಅದರ ಹೊಡೆತ ಬಹುಪಾಲು ನೇರ ಮೇಲಕ್ಕೆ ನುಗ್ಗುತ್ತದೆ. ತಳ ಸಪಾಟಾಗಿದ್ದರೆ ಅಷ್ಟೂ ಹೊಡೆತ ತಿನ್ನುತ್ತದೆ. ತಳ ದೋಣಿಯ ಹಾಗೆ ‘ವಿ’ ಆಕಾರದಲ್ಲಿ ಇದ್ದರೆ ಹೊಡೆತ ಎರಡೂ ಬದಿಗೆ ಜಾರಿಹೋಗುತ್ತದೆ. ಜೊತೆಗೆ ವಾಹನವನ್ನು ನೆಲದಿಂದ ಎತ್ತರಕ್ಕೆ ಇಡುತ್ತಾರೆ. ದೂರ ಹೆಚ್ಚಾದಷ್ಟೂ ಹೊಡೆತ ಕಡಿಮೆ. ಚಕ್ರ, ಆಕ್ಸಲ್ ಹಾರಿಹೋದರೆ ಹೋಗಲಿ ಎಂದೇ ವಿನ್ಯಾಸ ಮಾಡುತ್ತಾರೆ. ಅವನ್ನು ಮತ್ತೆ ಹಾಕಬಹುದು.

ಸೀಟೂ ಅಷ್ಟೇ ಮುಖ್ಯ. ಹಳೆಯ ವಾಹನಗಳಲ್ಲಿ ಬೆಂಚು ನೆಲಕ್ಕೇ ಬೋಲ್ಟ್ ಆಗಿರುತ್ತಿತ್ತು. ತಳ ಒಡೆಯದಿದ್ದರೂ ನೆಲ ಒಮ್ಮೆಲೇ ಮೇಲಕ್ಕೆ ಚಿಮ್ಮಿ ಬೆನ್ನುಮೂಳೆ, ಹಿಮ್ಮಡಿ ಪುಡಿಯಾಗುತ್ತಿದ್ದವು. ಈಗ ಸೀಟನ್ನು ಗೋಡೆಗೋ ಛಾವಣಿಗೋ ತೂಗುಹಾಕುತ್ತಾರೆ. ಕಾಲಿಡಲು ನೆಲ ಮುಟ್ಟದ ಪಟ್ಟಿ ಇರುತ್ತದೆ. ಬೆಲ್ಟ್ ಕಟ್ಟದೆ ಕೂತವರ ತಲೆ ಛಾವಣಿಗೆ ಬಡಿಯುತ್ತದೆ. ಹಾಗಾಗಿ ಬೆಲ್ಟ್ ಕಟ್ಟಲೇಬೇಕು.

ಈ ವಿದ್ಯೆ ಪಕ್ವವಾದದ್ದು ದಕ್ಷಿಣ ಆಫ್ರಿಕಾ ಮತ್ತು ಆಗಿನ ರೊಡೇಶಿಯಾದಲ್ಲಿ (ಈಗಿನ ಜಿಂಬಾಬ್ವೆ), 1970ರ ದಶಕದಲ್ಲಿ. ಗಡಿಯ ಮಣ್ಣು ರಸ್ತೆಗಳಲ್ಲಿ ಗೆರಿಲ್ಲಾಗಳು ಟ್ಯಾಂಕ್ ನಿರೋಧಕ ಬಾಂಬ್ ಹೂಳುತ್ತಿದ್ದರು. 1970ರ ದಶಕದ ಕೊನೆಗೆ ‘ಕ್ಯಾಸ್ಪರ್’ ಬಂತು. ಇಡೀ ಮೈಯೇ ‘ವಿ’ ಆಕಾರದ ಒಂದೇ ಉಕ್ಕಿನ ಚಿಪ್ಪು. ಚಕ್ರದ ಕೆಳಗೆ 21 ಕೆ.ಜಿ. ಟಿಎನ್‌ಟಿ, ಹೊಟ್ಟೆಯ ಕೆಳಗೆ 14 ಕೆ.ಜಿ. ಟಿಎನ್‌ಟಿ ಸಿಡಿದರೂ ಒಳಗಿನವರು ಬದುಕಬೇಕು ಎಂಬುದು ಅದರ ಅಳತೆ.

ಅಂದರೆ ವರ್ಣಭೇದ ಸರ್ಕಾರದ ವಾಹನ, ಅಲ್ವಾ?

ಹೌದು. ಇದನ್ನು ಮರೆಮಾಚಬಾರದು. ಗಡಿಯಲ್ಲಿ ಸೈನಿಕರ ಜೀವ ಉಳಿಸಿದ ಅದೇ ಕ್ಯಾಸ್ಪರ್ 1980ರ ದಶಕದಲ್ಲಿ ಕಪ್ಪು ಜನರ ಬಡಾವಣೆಗಳಿಗೆ ನುಗ್ಗಿತು. ಮಕ್ಕಳ ಮೇಲೆ ಗುಂಡು ಹಾರಿಸಿದ ಪೊಲೀಸರು ಅದರಲ್ಲಿ ಬಂದವರು. ಸೊವೆಟೊದಂಥ ಬಡಾವಣೆಗಳ ಜನಕ್ಕೆ ಆ ಎತ್ತರದ ಹಳದಿ ಗಾಡಿ ದಮನದ ಗುರುತು. ಮುಂದೆ ಇದೇ ವಾಹನ ಅಂಗೋಲಾ, ಮೊಜಾಂಬಿಕ್‌ಗಳಲ್ಲಿ ಹೂತಿದ್ದ ಬಾಂಬ್ ತೆಗೆಯಲು ನೆರವಾಯಿತು. ಎರಡೂ ನಿಜ.

ಚಕ್ರದ, ‘ವಿ’ ತಳದ ವಾಹನಗಳ ಪಾಠ ಅಮೆರಿಕ ಯಾವಾಗ ಕಲಿತಿತು?

ತಡವಾಗಿ. 1999ರಲ್ಲಿ ಸೇನಾ ಮುಖ್ಯಸ್ಥ ಎರಿಕ್ ಶಿನ್‌ಸೆಕಿ, 96 ಗಂಟೆಯಲ್ಲಿ ಜಗತ್ತಿನ ಎಲ್ಲಿಗಾದರೂ ಒಂದು ಬ್ರಿಗೇಡ್ ತಲುಪಬೇಕು ಎಂದರು. ಅದಕ್ಕೆ ಆಯ್ಕೆಯಾದದ್ದು ಸ್ವಿಟ್ಜರ್ಲೆಂಡಿನ ಮೊವಾಗ್ ಕಂಪನಿಯ ಪಿರಾನ್ಹಾ ವಂಶದ ಎಂಟು ಚಕ್ರದ ವಾಹನ. ಇದೇ ವಂಶದ ಎಲ್‌ಎವಿ-25 ಅನ್ನು ಅಮೆರಿಕದ ಮರೀನ್‌ಗಳು 1980ರ ದಶಕದಿಂದಲೇ ಓಡಿಸುತ್ತಿದ್ದರು. ಹೊಸದಕ್ಕೆ ‘ಸ್ಟ್ರೈಕರ್’ ಎಂದು ಹೆಸರಿಟ್ಟರು. 2003ರ ಕೊನೆಗೆ ಅದು ಇರಾಕ್ ತಲುಪಿತು. ಸದ್ದಿಲ್ಲದೆ ಬೇಗ ಬರುವುದು ನಗರಗಳಲ್ಲಿ ಬಹಳ ಉಪಯೋಗಕ್ಕೆ ಬಂತು.

ಆದರೆ ಉಳಿದ ಸೈನಿಕರು ಕವಚವೇ ಇಲ್ಲದ ಹಮ್ವೀ ಜೀಪುಗಳಲ್ಲಿ ಓಡಾಡುತ್ತಿದ್ದರು. ರಸ್ತೆಬದಿಯ ಬಾಂಬುಗಳಿಗೆ ಅವರು ಸಾಯುತ್ತಿದ್ದರು. 2004ರ ಡಿಸೆಂಬರ್‌ನಲ್ಲಿ ಕುವೈತ್‌ಗೆ ಬಂದ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರನ್ನು ಒಬ್ಬ ಸೈನಿಕ ಎಲ್ಲರೆದುರೇ ಕೇಳಿದ: ನಾವು ಯಾಕೆ ಕಸದ ಗುಡ್ಡೆಯಲ್ಲಿ ಹಳೇ ತಗಡು ಹುಡುಕಿ ಗಾಡಿಗೆ ಕಟ್ಟಿಕೊಳ್ಳಬೇಕು? ದಕ್ಷಿಣ ಆಫ್ರಿಕಾದ ಪಾಠ ಆಗಲೇ ಕಾಲು ಶತಮಾನ ಹಳೆಯದು. 2007ರಲ್ಲಿ ಮುಂದಿನ ಸಚಿವ ರಾಬರ್ಟ್ ಗೇಟ್ಸ್ ‘ವಿ’ ತಳದ ಎಂಆರ್‌ಎಪಿ ಎಂಬ ನೆಲಬಾಂಬ್ ನಿರೋಧಕ ವಾಹನಗಳೇ ಎಲ್ಲಕ್ಕಿಂತ ಮೊದಲು ಎಂದು ಆದೇಶಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಸುಮಾರು 27,000 ವಾಹನ ತಯಾರಾದವು. ಅಫ್ಗಾನಿಸ್ತಾನದಲ್ಲಿ ಪೆಟ್ಟು ತಿಂದ ಸ್ಟ್ರೈಕರ್‌ಗೂ 2011ರಲ್ಲಿ ಎರಡು ‘ವಿ’ಗಳ ಹೊಸ ತಳ ಬಂತು.

ಎಂಆರ್‌ಎಪಿಗೂ ಕೊರತೆ ಇದೆ. ಎತ್ತರ ಜಾಸ್ತಿ, ಭಾರ ಜಾಸ್ತಿ. ಕಾಲುವೆ ದಂಡೆ ಕುಸಿದರೆ ಮಗುಚಿಕೊಳ್ಳುತ್ತದೆ.

ಟಯರಿಗೆ ಗುಂಡು ಹೊಡೆದರೆ ಮುಗಿಯಿತಲ್ಲ?

ಇಲ್ಲ. ಟಯರ್ ಒಳಗೆ ಗಟ್ಟಿ ರಬ್ಬರಿನ ಅಥವಾ ಲೋಹದ ಬಳೆ ಇರುತ್ತದೆ. ಗಾಳಿ ಪೂರ್ತಿ ಹೋದರೂ ಅದರ ಮೇಲೆ ಹತ್ತಾರು ಕಿ.ಮೀ. ಓಡಬಹುದು. ಎಂಟರಲ್ಲಿ ಒಂದೆರಡು ಚಕ್ರ ಹಾರಿಹೋದರೂ ಗಾಡಿ ಕುಂಟುತ್ತಾ ಹೊರಬರುತ್ತದೆ. ಟ್ರ್ಯಾಕ್ ತುಂಡಾದರೆ ಮಾತ್ರ ಅಲ್ಲೇ ನಿಲ್ಲಬೇಕು. ಚಾಲಕ ಕೂತಲ್ಲಿಂದಲೇ ಟಯರಿನ ಗಾಳಿ ಹೆಚ್ಚು ಕಡಿಮೆ ಮಾಡುವ ಏರ್ಪಾಡೂ ಇರುತ್ತದೆ. ಮರಳಲ್ಲಿ ಗಾಳಿ ಇಳಿಸಿದರೆ ಟಯರ್ ಅಗಲವಾಗಿ ಹರಡಿ ಹೂತುಕೊಳ್ಳುವುದಿಲ್ಲ.

ಈಗ ಎಲ್ಲ ವಾಹನಕ್ಕೂ ಬಲೆ, ಪಂಜರ ಕಟ್ಟುತ್ತಾರಲ್ಲ, ಅದು ಯಾಕೆ?

ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ ರಾಕೆಟ್‌ಗೆ ಮತ್ತು ಡ್ರೋನ್‌ಗೆ. ಬಿಟಿಆರ್-80ರ ಉಕ್ಕು ಮುಂಭಾಗದಲ್ಲೂ 10 ಮಿ.ಮೀ. ಆಸುಪಾಸು. ಅದು ರೈಫಲ್ ಗುಂಡಿಗೆ ಸಾಕು, ಆರ್‌ಪಿಜಿಗೆ ಏನೇನೂ ಅಲ್ಲ. ಇರಾಕಿನಲ್ಲಿ ಸ್ಟ್ರೈಕರ್ ಸುತ್ತ ಕಬ್ಬಿಣದ ಪಟ್ಟಿಗಳ ಪಂಜರ ಕಟ್ಟಿದರು. ರಾಕೆಟ್ಟಿನ ಮೂತಿ ಪಟ್ಟಿಗಳ ನಡುವೆ ಸಿಕ್ಕಿಕೊಂಡರೆ ಅದರ ಫ್ಯೂಜ್ ಕೆಡುವ ಸಾಧ್ಯತೆ ಇರುತ್ತದೆ. ಪ್ರತಿ ಸಲವೂ ಕೆಲಸ ಮಾಡುವುದಿಲ್ಲ. ಎರಡು ಟನ್‌ಗೂ ಹೆಚ್ಚು ಭಾರ ಮಾತ್ರ ಖಂಡಿತ ಸೇರುತ್ತದೆ. ವಿಮಾನದಲ್ಲಿ ಒಯ್ಯಲೆಂದೇ ಹಗುರವಾಗಿ ಮಾಡಿದ ವಾಹನ ಹೀಗೆ ದಪ್ಪವಾಗುತ್ತಾ ಹೋಯಿತು.

ಉಕ್ರೇನಿನಲ್ಲಿ ಕಷ್ಟ ಇನ್ನೂ ಹೆಚ್ಚು. ಅಗ್ಗದ ಡ್ರೋನ್‌ಗಳು ವಾಹನದ ಛಾವಣಿಗೆ, ಹಿಂಬಾಗಿಲಿಗೆ, ಚಕ್ರಕ್ಕೆ ಗುರಿಯಿಟ್ಟು ಬಂದು ಬಡಿಯುತ್ತವೆ. ಹಾಗಾಗಿ ಎಷ್ಟೋ ಕಡೆ ಎಪಿಸಿ ಮುಂಚೂಣಿಗೆ ಹೋಗುವುದೇ ಇಲ್ಲ. ಕೆಲವು ಕಿ.ಮೀ. ಹಿಂದೆಯೇ ಸೈನಿಕರನ್ನು ಇಳಿಸುತ್ತದೆ, ಗಾಯಾಳುಗಳನ್ನು ಹತ್ತಿಸಿಕೊಂಡು ವಾಪಸ್ ಬರುತ್ತದೆ. ವಸಂತ ಮತ್ತು ಶರತ್ಕಾಲದ ಕೆಸರಿನಲ್ಲಿ ಚಕ್ರದ ವಾಹನ ರಸ್ತೆ ಬಿಟ್ಟು ಇಳಿಯಲು ಆಗುವುದಿಲ್ಲ. ರಸ್ತೆ ಮೇಲೇ ಬಂದರೆ ಡ್ರೋನ್ ಕಾಯುತ್ತಿರುತ್ತದೆ. ಹಾಗಿದ್ದರೂ ಉಕ್ರೇನಿನವರು ಇವನ್ನು ಬೇಡ ಅನ್ನುತ್ತಿಲ್ಲ. ಆಸ್ಟ್ರೇಲಿಯಾದ ಸಂಸತ್ತಿಗೆ 2022ರ ಮಾರ್ಚ್‌ನಲ್ಲಿ ಮಾತಾಡಿದ ಅಧ್ಯಕ್ಷ ಜೆಲೆನ್‌ಸ್ಕಿ ಬುಷ್‌ಮಾಸ್ಟರ್ ವಾಹನವನ್ನು ಹೆಸರು ಹೇಳಿಯೇ ಕೇಳಿದ್ದರು. ಅದೂ ‘ವಿ’ ತಳದ್ದೇ. ವಾಹನ ಹಾಳಾದರೂ ಒಳಗಿನವರು ನಡೆದು ಹೊರಬಂದರೆ ಅದೇ ಲಾಭ.

ಎಲ್ಲ ಎಪಿಸಿಗಳೂ ನೀರಲ್ಲಿ ಈಜುತ್ತವಾ?

ಬಿಟಿಆರ್‌ಗಳು ಈಜುತ್ತವೆ, ಗಂಟೆಗೆ ಹತ್ತು ಕಿ.ಮೀ. ಹತ್ತಿರ. ಸ್ಟ್ರೈಕರ್ ಈಜುವುದಿಲ್ಲ. ಕವಚ ಹೆಚ್ಚಿದಂತೆ ಈಜು ಹೋಗುತ್ತದೆ. ಬಿಟಿಆರ್-60 ಸುಮಾರು 10 ಟನ್ ಇತ್ತು. ಜರ್ಮನಿ ಮತ್ತು ನೆದರ್‌ಲೆಂಡ್ಸ್ ಸೇರಿ ಮಾಡಿದ ಬಾಕ್ಸರ್ 35 ಟನ್ ದಾಟುತ್ತದೆ.

ವಿಶ್ವಸಂಸ್ಥೆಯ ಬಿಳಿ ಎಪಿಸಿಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವಾ?

ಸೊಮಾಲಿಯಾದ ರಾಜಧಾನಿ ಮೊಗದಿಶು ನೆನಪಿಸಿಕೊಳ್ಳಿ. 1993ರ ಅಕ್ಟೋಬರ್ 3ರಂದು ಅಮೆರಿಕದ ಸೈನಿಕರು ಹೆಲಿಕಾಪ್ಟರ್ ಮತ್ತು ಹಮ್ವೀಗಳಲ್ಲಿ ಒಂದು ದಾಳಿಗೆ ಹೋಗಿ ನಗರದ ನಡುವೆ ಸಿಕ್ಕಿಬಿದ್ದರು. ಟ್ಯಾಂಕ್, ಕವಚ ವಾಹನ ಬೇಕೆಂದು ಅವರ ಕಮಾಂಡರ್ ಮೊದಲೇ ಕೇಳಿದ್ದರು, ಸಿಕ್ಕಿರಲಿಲ್ಲ. ಕೊನೆಗೆ ರಾತ್ರಿ ಅವರನ್ನು ಹೊರತರಲು ಹೋದದ್ದು ವಿಶ್ವಸಂಸ್ಥೆಯ ಅಡಿಯಲ್ಲಿದ್ದ ಮಲೇಷ್ಯಾದ ಕಾಂಡರ್ ಎಪಿಸಿಗಳು ಮತ್ತು ಪಾಕಿಸ್ತಾನದ ಟ್ಯಾಂಕುಗಳು. ಕಾಂಡರ್ ನಾಲ್ಕು ಚಕ್ರದ, ತೆಳು ಕವಚದ ಜರ್ಮನ್ ಗಾಡಿ. ಆರ್‌ಪಿಜಿ ಬಿದ್ದು ಒಬ್ಬ ಮಲೇಷ್ಯಾ ಸೈನಿಕ ತೀರಿಕೊಂಡ. ಅಮೆರಿಕದ 18 ಮಂದಿ ಆ ಕದನದಲ್ಲಿ ಸತ್ತರು. ಜಗತ್ತು ಅಮೆರಿಕದವರ ಕಥೆ ಮಾತ್ರ ಹೇಳಿತು. ಮಲೇಷ್ಯಾದ ಚಾಲಕರಿಗೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ ಎಂಬುದು ನನ್ನ ಬಲವಾದ ಅನಿಸಿಕೆ.

ಈಗ ಭಾರತದಲ್ಲಿ ಏನಿದೆ?

ಕಾಶ್ಮೀರಕ್ಕಾಗಿ ಸೇನೆ ದಕ್ಷಿಣ ಆಫ್ರಿಕಾದಿಂದ ಕ್ಯಾಸ್ಪರ್ ತರಿಸಿಕೊಂಡಿತ್ತು. ಅದರ ಆಧಾರದ ಮೇಲೆ ಇಲ್ಲಿನ ಆರ್ಡ್‌ನೆನ್ಸ್ ಕಾರ್ಖಾನೆಗಳು ‘ಆದಿತ್ಯ’ ಎಂಬ ನೆಲಬಾಂಬ್ ನಿರೋಧಕ ವಾಹನ ಮಾಡಿದವು. ನಕ್ಸಲ್ ಪ್ರದೇಶಗಳಲ್ಲಿ ಸಿಆರ್‌ಪಿಎಫ್ ಇಂಥ ವಾಹನ ಬಳಸಿತು. ಅಲ್ಲಿ ಒಂದು ಕಹಿ ಪಾಠವೂ ಸಿಕ್ಕಿತು. ವಾಹನ 14 ಕೆ.ಜಿ. ತಡೆಯುತ್ತದೆ ಎಂದು ಗೊತ್ತಾದರೆ ಎದುರಾಳಿ ಅದರ ಎಷ್ಟೋ ಪಟ್ಟು ಹೂಳುತ್ತಾನೆ. ಅದಕ್ಕೇ ಛತ್ತೀಸ್‌ಗಢದ ಕಾಡುಗಳಲ್ಲಿ ಜವಾನರು ಎಷ್ಟೋ ಸಲ ವಾಹನ ಬಿಟ್ಟು ನಡೆದೇ ಹೋಗುತ್ತಾರೆ.

ಕವಚವೇ ಇಲ್ಲದೆ ಹೋಗುವುದು ಎಷ್ಟು ಅಪಾಯ ಎಂದು 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಕಂಡೆವು. ಸಾಮಾನ್ಯ ಬಸ್ಸಿನಲ್ಲಿ ಹೋಗುತ್ತಿದ್ದ ಸಿಆರ್‌ಪಿಎಫ್‌ನ 40 ಮಂದಿ ಹುತಾತ್ಮರಾದರು. ಅವರಲ್ಲಿ ಒಬ್ಬರು ನಮ್ಮ ಮಂಡ್ಯ ಜಿಲ್ಲೆಯವರು. ಅಷ್ಟು ದೊಡ್ಡ ಸ್ಫೋಟದ ಎದುರು ಯಾವ ವಾಹನವೂ ಪೂರ್ತಿ ಭರವಸೆ ಕೊಡುವುದಿಲ್ಲ ಎಂಬುದು ನಿಜ. ಆದರೂ ಅಂಥ ರಸ್ತೆಯಲ್ಲಿ ಸಾವಿರಾರು ಜನರನ್ನು ತೆಳು ತಗಡಿನ ಬಸ್ಸಿನಲ್ಲಿ ಕಳಿಸುವುದನ್ನು ನನ್ನ ಮನಸ್ಸು ಇವತ್ತಿಗೂ ಒಪ್ಪುವುದಿಲ್ಲ.

ಹೊಸದರಲ್ಲಿ ಮುಖ್ಯವಾದದ್ದು ಎಂಟು ಚಕ್ರದ ವ್ಹ್ಯಾಪ್. ಡಿಆರ್‌ಡಿಒದ ಅಹಮದ್‌ನಗರ ಪ್ರಯೋಗಾಲಯ ಮತ್ತು ಟಾಟಾ ಸೇರಿ ಮಾಡಿದ್ದು. 2014ರ ಡಿಫೆಕ್ಸ್‌ಪೋ ರಕ್ಷಣಾ ಪ್ರದರ್ಶನದಲ್ಲಿ ‘ಕೆಸ್ಟ್ರೆಲ್’ ಹೆಸರಲ್ಲಿ ಮೊದಲು ಕಾಣಿಸಿತು. ಇದು ಈಜುತ್ತದೆ ಕೂಡ. 2025ರ ಸೆಪ್ಟೆಂಬರ್‌ನಲ್ಲಿ ಮೊರೊಕ್ಕೊದ ಬೆರ್ರೆಶಿದ್‌ನಲ್ಲಿ ಇದನ್ನು ತಯಾರಿಸುವ ಟಾಟಾ ಕಾರ್ಖಾನೆಯನ್ನು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಉದ್ಘಾಟಿಸಿದರು. ಇನ್ನೊಂದು ಕಡೆ, ಪುಣೆಯ ಭಾರತ್ ಫೋರ್ಜ್ ಗುಂಪಿನ ಕಲ್ಯಾಣಿ ಎಂ4 ಇದೆ. ದಕ್ಷಿಣ ಆಫ್ರಿಕಾದ ಎಂಬೊಂಬೆ 4 ಇದರ ಮೂಲ. 2023ರಿಂದ ಅಮೆರಿಕದ ಸ್ಟ್ರೈಕರ್ ಅನ್ನು ಇಲ್ಲೇ ಮಾಡುವ ಮಾತೂ ನಡೆಯಿತು. ಸ್ವಂತ ವಾಹನ ಕೈಯಲ್ಲಿರುವಾಗ ಅದನ್ನೇ ತಿದ್ದಿ ಬೆಳೆಸುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ.

ಗಲಭೆ ಆದಾಗ ಬರುವ ಪೊಲೀಸರ ‘ವಜ್ರ’ ಎಪಿಸಿಯಾ?

ಅಲ್ಲ. ಅದು ಅಶ್ರುವಾಯು ಸಿಡಿಸಲು ಮತ್ತು ಕಲ್ಲು ತಡೆಯಲು ಜಾಲರಿ ಹಾಕಿದ ವಾಹನ. ಯುದ್ಧದ ಗುಂಡು, ನೆಲಬಾಂಬ್ ತಡೆಯುವುದು ಅದರ ಕೆಲಸವಲ್ಲ.

ಫೋಟೊ ನೋಡಿ ಯಾವ ವಾಹನ ಅಂತ ಗುರುತಿಸುವುದು ಹೇಗೆ?

ಮೊದಲು ಚಕ್ರ ಎಣಿಸಿ, ಆಮೇಲೆ ಚಕ್ರಗಳ ನಡುವಿನ ಅಂತರ ನೋಡಿ. ಸ್ಕಾಟ್‌ನಲ್ಲಿ ಮುಂದಿನ ಎರಡು ಜೋಡಿ ಮತ್ತು ಹಿಂದಿನ ಎರಡು ಜೋಡಿಯ ನಡುವೆ ದೊಡ್ಡ ಅಂತರ ಇರುತ್ತದೆ. ಬಿಟಿಆರ್‌ಗಳ ಮೂತಿ ದೋಣಿಯಂತೆ ಚೂಪು. ಎರಡನೇ ಮತ್ತು ಮೂರನೇ ಚಕ್ರದ ನಡುವೆ ನೋಡಿ. ಬಾಗಿಲೇ ಇಲ್ಲದಿದ್ದರೆ ಬಿಟಿಆರ್-60. ಕೆಳಗೆ ಪುಟ್ಟ ತ್ರಿಕೋನದಂಥ ಬಾಗಿಲಿದ್ದರೆ 70. ಮೈಯ ಪೂರ್ತಿ ಎತ್ತರದ ಬಾಗಿಲಿದ್ದರೆ 80. ಅದೇ ಮೈಮೇಲೆ ಉದ್ದನೆಯ ತೆಳು ಗನ್ ಇದ್ದರೆ 82ಎ. ಸ್ಟ್ರೈಕರ್‌ಗೆ ಪಕ್ಕದಲ್ಲಿ ಬಾಗಿಲಿಲ್ಲ, ಹಿಂದೆ ಇಳಿಜಾರಾಗಿ ತೆರೆಯುವ ದೊಡ್ಡ ರ‍್ಯಾಂಪ್ ಇರುತ್ತದೆ. ನಾಲ್ಕೇ ಚಕ್ರ, ಮುಂದೆ ಟ್ರಕ್ಕಿನಂಥ ಬಾನೆಟ್, ಆಳೆತ್ತರದಲ್ಲಿ ಕಿಟಕಿಗಳು ಕಂಡರೆ ಅದು ಕ್ಯಾಸ್ಪರ್ ಅಥವಾ ಅದರ ಸಂತತಿಯದು.